ಎದುರು ಪಾಳೆಯದವರ ಗಂಟಲಲ್ಲೂ ಕೂರುವ ಹಾಡು

ಕಳೆದ ಸಂಚಿಕೆಯಲ್ಲಿ ಬರ್ಲಿನ್ ಗೋಡೆಯ ಪ್ರಸ್ತಾಪ ಬಂದಾಗ, ಆ ವರ್ಷಗಳ ಹಾಡುಗಳ ಬಗ್ಗೆ ಯಾರಾದರೂ ಕೇಳಿದರೆ ಬರೆಯುತ್ತೇನೆ ಎಂದಿದ್ದೆ. ನೀವು ಕೈತುಂಬ ಕೇಳಿದ್ದೀರಿ. ಹಾಗಾಗಿ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಒಂದೇ ವಿಷಯಕ್ಕೆ ಬಿಟ್ಟುಕೊಡುತ್ತಿದ್ದೇನೆ: ಆಳ್ವಿಕೆ ಮಗುಚಿದ, ಹಗೆ ಸಾಕಾಗಿ ಜನ ಮಾತುಕತೆಗೆ ಕುಳಿತ ಕಾಲದ ಹಾಡುಗಳು.

ನಾನು ರಾಜ್ಯಶಾಸ್ತ್ರ ಓದಿದವಳಲ್ಲ. ಇಪ್ಪತ್ತಾರು ವರ್ಷ ಶಾಲಾ ಮಕ್ಕಳಿಗೆ ವೃಂದಗಾಯನ ಕಲಿಸಿದವಳು. ಹಾಡನ್ನು ನಾನು ನೋಡುವುದು ಹಾಡುವವರ ಕಡೆಯಿಂದ: ಎಲ್ಲಿ ಉಸಿರು ಸಾಲದೆ ಹೋಗುತ್ತದೆ, ಯಾವ ಪದ ನಾಲಿಗೆಗೆ ತೊಡರುತ್ತದೆ, ಪಕ್ಕದವರ ದನಿ ಕಿವಿಗೆ ಬೀಳುತ್ತಿದೆಯೇ ಇಲ್ಲವೇ. ನನ್ನ ಉತ್ತರಗಳೂ ಅದೇ ಜಾಡಿನಲ್ಲಿರುತ್ತವೆ.

ಪ್ರಶ್ನೆ: ಬರ್ಲಿನ್ ಗೋಡೆ ಬಿದ್ದ ರಾತ್ರಿ ಜನರೆಲ್ಲ 'ವಿಂಡ್ ಆಫ್ ಚೇಂಜ್' ಹಾಡುತ್ತಿದ್ದರು ಎಂದು ನಮ್ಮ ತಂದೆ ಹೇಳುತ್ತಾರೆ. ಆ ಸಿಳ್ಳೆ ಕೇಳಿದರೆ ಈಗಲೂ ಅವರ ಕಣ್ಣು ಒದ್ದೆಯಾಗುತ್ತದೆ. ಇದು ನಿಜವೇ? (ಕಾಲೇಜು ವಿದ್ಯಾರ್ಥಿನಿ)

ಉತ್ತರ: ತಂದೆಯವರ ಕಣ್ಣು ಒದ್ದೆಯಾಗುವುದು ನಿಜ, ಅದನ್ನು ಗೌರವಿಸೋಣ. ಆದರೆ ಅವರ ನೆನಪಿನಲ್ಲಿ ಬೇರೆ ಬೇರೆ ಎರಡು ಕಾಲಗಳು ಬೆಸೆದುಕೊಂಡಿವೆ. ಗೋಡೆ ತೆರೆದದ್ದು 1989ರ ನವೆಂಬರ್ 9ರ ರಾತ್ರಿ. ಆ ಹಾಡಿನ ಆಲ್ಬಂ ಹೊರಬಂದದ್ದು 1990ರ ನವೆಂಬರ್‌ನಲ್ಲಿ. ಬಿಡಿ ಹಾಡಾಗಿ ಮನೆಮನೆ ತಲುಪಿದ್ದು 1991ರಲ್ಲಿ. ಅಷ್ಟು ಹೊತ್ತಿಗೆ ಎರಡು ಜರ್ಮನಿಗಳು ಒಂದಾಗಿಹೋಗಿದ್ದವು. ಗೋಡೆ ಹತ್ತಿ ಕುಳಿತಿದ್ದ ಆ ಯುವಕರಲ್ಲಿ ಒಬ್ಬರಿಗೂ ಈ ಹಾಡು ಗೊತ್ತಿರಲಿಲ್ಲ.

ಇನ್ನೂ ಒಂದು ಸಂಗತಿ ಇದೆ. ಹಾಡು ಹುಟ್ಟಿದ್ದು ಬರ್ಲಿನ್ ಕಂಡು ಅಲ್ಲ, ಮಾಸ್ಕೋ ಕಂಡು. 1989ರ ಆಗಸ್ಟ್ 12 ಮತ್ತು 13ರಂದು ಮಾಸ್ಕೋದ ಲೆನಿನ್ ಕ್ರೀಡಾಂಗಣದಲ್ಲಿ ದೊಡ್ಡದೊಂದು ರಾಕ್ ಸಂಗೀತೋತ್ಸವ ನಡೆಯಿತು. ಪಶ್ಚಿಮ ಜರ್ಮನಿಯ ಹ್ಯಾನೋವರ್‌ನ ಸ್ಕಾರ್ಪಿಯನ್ಸ್ ತಂಡ ಅಲ್ಲಿ ಹಾಡಿತು. ತಂಡದ ಗಾಯಕ ಕ್ಲಾಸ್ ಮೈನೆ ಮಾಸ್ಕ್ವಾ ನದಿಯಲ್ಲಿ ದೋಣಿಯೇರಿ ಗಾರ್ಕಿ ಪಾರ್ಕಿಗೆ ಹೋದ ಆ ದಿನಗಳ ನೆನಪಿನಿಂದ ಹಾಡು ಬರೆದರು. ಅವರ ತಂದೆಯ ತಲೆಮಾರಿನ ಜರ್ಮನರು ರಷ್ಯಾದೊಳಕ್ಕೆ ಹೋಗಿದ್ದು ಟ್ಯಾಂಕುಗಳ ಜೊತೆಗೆ. ಮಗನ ತಲೆಮಾರಿನವರು ಗಿಟಾರ್ ಹಿಡಿದು ಹೋದರು. ಆ ಹಾಡಿನಲ್ಲಿರುವ ಬೆರಗಿಗೆ ಕಾರಣ ಇದು ಎಂದು ನಾನು ನಂಬಿದ್ದೇನೆ. ಆಮೇಲೆ ದೂರದರ್ಶನದವರು ಗೋಡೆಯ ದೃಶ್ಯಗಳಿಗೆ ಇದೇ ಹಾಡನ್ನು ಹಿನ್ನೆಲೆಯಾಗಿ ಬಳಸುತ್ತ ಬಳಸುತ್ತ, ಎರಡೂ ಜನರ ಮನಸ್ಸಿನಲ್ಲಿ ಒಂದಾಗಿಬಿಟ್ಟವು. 1991ರ ಡಿಸೆಂಬರ್‌ನಲ್ಲಿ ತಂಡದವರನ್ನು ಸೋವಿಯತ್ ಅಧ್ಯಕ್ಷ ಗೋರ್ಬಚೇವ್ ಕ್ರೆಮ್ಲಿನ್‌ಗೆ ಕರೆಸಿಕೊಂಡು ಮಾತನಾಡಿಸಿದರು. ಅದಾದ ಕೆಲವೇ ದಿನಗಳಲ್ಲಿ, ಡಿಸೆಂಬರ್ 25ರಂದು, ಅವರು ಅಧಿಕಾರ ಬಿಟ್ಟಿಳಿದರು.

ಗೋಡೆಯ ಬಳಿ ಆ ವಾರ ನಿಜಕ್ಕೂ ಕೇಳಿಬಂದ ಸಂಗೀತ ಯಾವುದು ಎಂದು ತಂದೆಯವರು ಕೇಳಿದರೆ ಇದನ್ನು ಹೇಳಿ. ನವೆಂಬರ್ 11ರಂದು, ರಷ್ಯಾ ತೊರೆದಿದ್ದ ಚೆಲ್ಲೊ ವಾದಕ ರಾಸ್ತ್ರೊಪೊವಿಚ್, ಪೂರ್ವ-ಪಶ್ಚಿಮ ಬರ್ಲಿನ್‌ಗಳ ನಡುವಿನ ತಪಾಸಣಾ ಗಡಿ ಚೆಕ್‌ಪಾಯಿಂಟ್ ಚಾರ್ಲಿಯ ಹತ್ತಿರ ಕುರ್ಚಿಯೊಂದನ್ನು ಹಾಕಿಸಿಕೊಂಡು ಗೋಡೆಗೆ ಬೆನ್ನು ಮಾಡಿ ಕುಳಿತು ಬಾಖ್‌ನನ್ನು ನುಡಿಸಿದರು. 1989ರ ಡಿಸೆಂಬರ್ 25ರಂದು ಅಮೆರಿಕದ ವಾದ್ಯವೃಂದ ನಿರ್ದೇಶಕ ಲೆನರ್ಡ್ ಬರ್ನ್‌ಸ್ಟೈನ್ ಪೂರ್ವ ಬರ್ಲಿನ್ನಿನಲ್ಲಿ ಬೇಥೋವನ್‌ನ ಒಂಬತ್ತನೆಯ ಸಿಂಫನಿ ನಡೆಸಿಕೊಟ್ಟರು. ವಾದ್ಯಗಾರರು ಎರಡೂ ಜರ್ಮನಿಗಳವರು. ಜೊತೆಗೆ ಎರಡನೆಯ ಮಹಾಯುದ್ಧದ ಬಳಿಕ ಬರ್ಲಿನ್ ಹಂಚಿಕೊಂಡಿದ್ದ ನಾಲ್ಕೂ ದೇಶಗಳವರು. ಕೊನೆಯ ಭಾಗದ ಹಾಡಿನಲ್ಲಿ 'ಫ್ರಾಯ್ಡ', ಅಂದರೆ ಆನಂದ, ಎಂದಿರುವ ಕಡೆ ಅವರು 'ಫ್ರೈಹೈಟ್', ಅಂದರೆ ಸ್ವಾತಂತ್ರ್ಯ, ಎಂದು ಹಾಡಿಸಿದರು. ಕೃತಿಯನ್ನು ಮುಟ್ಟಬಾರದಿತ್ತು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಇಪ್ಪತ್ತೆಂಟು ವರ್ಷ ಒಂದು ಊರನ್ನು ಸೀಳಿದ್ದ ಗೋಡೆ ಬಾಯಿಬಿಟ್ಟಾಗ ಆ ಒಂದು ದಿನದ ಮಟ್ಟಿಗೆ ಒಂದು ಪದ ಬದಲಾಯಿತು. ಬೇಥೋವನ್ ಅದನ್ನು ತಡೆದುಕೊಳ್ಳುತ್ತಾನೆ.

ಪ್ರಶ್ನೆ: 'ಹಾಡಿನ ಕ್ರಾಂತಿ' ಎಂಬ ಮಾತನ್ನು ಓದಿದೆ. ಹಾಡಿಕೊಂಡು ಒಂದು ದೇಶ ಸ್ವತಂತ್ರವಾಗಬಲ್ಲದೇ? ಉತ್ಪ್ರೇಕ್ಷೆ ಅನ್ನಿಸುತ್ತದೆ. (ನಿವೃತ್ತ ಬ್ಯಾಂಕ್ ಉದ್ಯೋಗಿ)

ಉತ್ತರ: ನಿಮ್ಮ ಅನುಮಾನ ನ್ಯಾಯವಾದದ್ದು. ಹಾಡಿಗೆ ಟ್ಯಾಂಕನ್ನು ತಡೆಯುವ ಶಕ್ತಿಯಿಲ್ಲ. 1991ರ ಜನವರಿಯಲ್ಲಿ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ, ಟಿ.ವಿ. ಗೋಪುರ ಕಾಯುತ್ತ ನಿಂತಿದ್ದ ನಿರಾಯುಧ ಜನರ ಮೇಲೆ ಸೋವಿಯತ್ ಸೇನೆ ನುಗ್ಗಿ ಹದಿನಾಲ್ಕು ಮಂದಿ ಸತ್ತರು. ಅವರ ಬಾಯಲ್ಲೂ ಹಾಡಿತ್ತು. ಗೋರ್ಬಚೇವ್ ಬಿಗಿ ಸಡಿಲಿಸದಿದ್ದರೆ, ಆ ವರ್ಷ ಆಗಸ್ಟ್‌ನಲ್ಲಿ ಮಾಸ್ಕೋದ ಕ್ಷಿಪ್ರಕ್ರಾಂತಿ ಕುಸಿಯದಿದ್ದರೆ, ಆಗ ಸೋವಿಯತ್ ಆಳ್ವಿಕೆಯಲ್ಲಿದ್ದ ಬಾಲ್ಟಿಕ್ ದೇಶಗಳ, ಅಂದರೆ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳ ಕಥೆ ಬೇರೆಯೇ ಆಗುತ್ತಿತ್ತು. ಇಷ್ಟನ್ನೂ ಒಪ್ಪಿಕೊಂಡ ಮೇಲೂ, 'ಹಾಡಿನ ಕ್ರಾಂತಿ' ಎಂಬ ಹೆಸರು ಎಸ್ಟೋನಿಯಾಕ್ಕೆ ಸಲ್ಲುತ್ತದೆ ಎಂದೇ ನನ್ನ ನಂಬಿಕೆ. ಏಕೆಂದು ಹೇಳುತ್ತೇನೆ.

ಎಸ್ಟೋನಿಯಾ ಪುಟ್ಟ ದೇಶ. ಆಗಿನ ಜನಸಂಖ್ಯೆ ಸುಮಾರು ಹದಿನೈದು ಲಕ್ಷ. ಅಲ್ಲಿ 1869ರಿಂದ ಹಾಡಿನ ಹಬ್ಬ ನಡೆದುಕೊಂಡು ಬಂದಿದೆ. ಮೊದಲನೆಯದು ತಾರ್ತು ಪಟ್ಟಣದಲ್ಲಿ ನಡೆಯಿತು. ಹಳ್ಳಿಹಳ್ಳಿಯ ವೃಂದಗಳು ವರ್ಷಗಟ್ಟಲೆ ಅಭ್ಯಾಸ ಮಾಡಿ ಒಂದೆಡೆ ಸೇರಿ, ಸಾವಿರಾರು ಜನ ಏಕಕಾಲಕ್ಕೆ ಹಾಡುತ್ತಾರೆ. ಆ ಮೊದಲ ಹಬ್ಬದಲ್ಲೇ ಲಿದಿಯಾ ಕೊಯ್ದುಲಾ ಎಂಬ ಕವಯಿತ್ರಿಯ 'ನನ್ನ ನಾಡೇ ನನ್ನೊಲವು' ಎಂಬರ್ಥದ ಕವಿತೆಯನ್ನು ಹಾಡಿದ್ದರು. 1944ರಲ್ಲಿ ಗುಸ್ತಾವ್ ಎರ್ನೆಸಾಕ್ಸ್ ಅದೇ ಕವಿತೆಗೆ ಹೊಸ ಧಾಟಿ ಕಟ್ಟಿದರು. 1947ರ ಹಬ್ಬದಲ್ಲಿ ಅದನ್ನು ಹಾಡಿದ್ದಾಯಿತು. ಆಮೇಲೆ ಸೋವಿಯತ್ ಅಧಿಕಾರಿಗಳು ಅದನ್ನು ಕಾರ್ಯಕ್ರಮ ಪಟ್ಟಿಯಿಂದ ಹೊಡೆದುಹಾಕಿದರು. 1950ರಲ್ಲಿ ಹಬ್ಬದ ಪ್ರಮುಖ ಸಂಚಾಲಕರಲ್ಲಿ ಮೂವರನ್ನು ಬಂಧಿಸಿದರು. 1960ರಲ್ಲಿ ಪಟ್ಟಿಯಲ್ಲಿ ಇಲ್ಲದಿದ್ದರೂ ಹಾಡುಗಾರರು ತಾವಾಗಿ ಅದನ್ನು ಎತ್ತಿಕೊಂಡರು. 1969ರಲ್ಲಿ, ಹಬ್ಬಕ್ಕೆ ನೂರು ತುಂಬಿದಾಗ, ಜನ ಅದನ್ನು ಮತ್ತೆ ಮತ್ತೆ ಹಾಡತೊಡಗಿದರು. ಮುಚ್ಚಿಹಾಕಲು ಬ್ಯಾಂಡ್ ಬಾರಿಸುವಂತೆ ಅಧಿಕಾರಿಗಳು ಹೇಳಿದರು. ಬ್ಯಾಂಡು ಸೋತಿತು. ಕೊನೆಗೆ ಎರ್ನೆಸಾಕ್ಸ್ ಅವರನ್ನೇ ಮೇಲೆ ಬಿಟ್ಟು ಹಾಡಿಸಬೇಕಾಯಿತು.

ಈಗ ಒಬ್ಬ ಸಾಮಾನ್ಯ ಮನುಷ್ಯನ ಜಾಗದಲ್ಲಿ ನಿಂತು ನೋಡಿ. ಭಯದ ಆಳ್ವಿಕೆಯಲ್ಲಿ ಯಾರೂ ಮನಸ್ಸಿನ ಮಾತು ಆಡುವುದಿಲ್ಲ. ಪಕ್ಕದ ಮನೆಯವನು ನನ್ನಂತೆಯೇ ಯೋಚಿಸುತ್ತಾನೋ ಇಲ್ಲವೋ ಗೊತ್ತಾಗುವುದಿಲ್ಲ. ನಾನೊಬ್ಬನೇ ಎಂದುಕೊಂಡು ಪ್ರತಿಯೊಬ್ಬನೂ ಸುಮ್ಮನಿರುತ್ತಾನೆ. ವೃಂದದಲ್ಲಿ ನಿಂತು ನಿಷಿದ್ಧವಾದ ಸಾಲನ್ನು ಹಾಡಿದಾಗ ಮಾತ್ರ ಎಡದಿಂದಲೂ ಬಲದಿಂದಲೂ ಅದೇ ಸಾಲು ಕಿವಿಗೆ ಬೀಳುತ್ತದೆ. ಎಷ್ಟು ಜನ ನಮ್ಮವರಿದ್ದಾರೆ ಎಂಬ ಲೆಕ್ಕ ಆಗಲೇ ಸಿಗುವುದು. 1988ರ ಜೂನ್‌ನಲ್ಲಿ ತಾಲಿನ್ ನಗರದ ಹಾಡಿನ ಮೈದಾನದಲ್ಲಿ ರಾತ್ರಿರಾತ್ರಿ ಆಗಿದ್ದು ಇದು. ಯುವಕರು ಯಾರೂ ಕರೆಯದೆ ಬಂದರು, ಬೆಳಗಿನವರೆಗೂ ಹಾಡಿದರು, ಅಟ್ಟದಲ್ಲಿ ಅಡಗಿಸಿಟ್ಟಿದ್ದ ಎಸ್ಟೋನಿಯಾದ ನೀಲಿ-ಕಪ್ಪು-ಬಿಳಿ ಬಾವುಟಗಳು ಹೊರಬಂದವು. ಹೈಂಜ್ ವಾಲ್ಕ್ ಎಂಬ ಕಲಾವಿದ ಆ ರಾತ್ರಿಗಳನ್ನು ನೋಡಿ ಬರೆದ ಲೇಖನದಿಂದಲೇ 'ಹಾಡಿನ ಕ್ರಾಂತಿ' ಎಂಬ ಹೆಸರು ಬಂತು. ಸೆಪ್ಟೆಂಬರ್ 11ರಂದು ಅದೇ ಮೈದಾನದಲ್ಲಿ ಸೇರಿದವರು ಸುಮಾರು ಮೂರು ಲಕ್ಷ ಎಂಬ ಅಂದಾಜಿದೆ. ಮರುವರ್ಷ ಆಗಸ್ಟ್ 23ರಂದು ತಾಲಿನ್‌ನಿಂದ ರೀಗಾ ಮೂಲಕ ವಿಲ್ನಿಯಸ್‌ವರೆಗೆ, ಆರುನೂರು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ, ಮೂರು ದೇಶಗಳ ಜನ ಕೈಕೈ ಹಿಡಿದು ನಿಂತರು. ಹಿಟ್ಲರ್ ಮತ್ತು ಸ್ಟಾಲಿನ್ ಕಡೆಯವರು ಈ ದೇಶಗಳನ್ನು ಗುಟ್ಟಾಗಿ ಹಂಚಿಕೊಂಡ ಒಪ್ಪಂದಕ್ಕೆ ಅಂದಿಗೆ ಐವತ್ತು ವರ್ಷ. ಆ ಸರಪಳಿಗೆಂದೇ ಒಂದು ಹಾಡು ಸಿದ್ಧವಾಗಿತ್ತು. ಧಾಟಿ ಒಂದೇ, ಸಾಹಿತ್ಯ ಎಸ್ಟೋನಿಯನ್, ಲಾಟ್ವಿಯನ್, ಲಿಥುವೇನಿಯನ್ ಮೂರರಲ್ಲೂ. 1991ರ ಆಗಸ್ಟ್ 20ರಂದು ಎಸ್ಟೋನಿಯಾ ಸ್ವತಂತ್ರವೆಂದು ಸಾರಿಕೊಂಡಿತು.

2019ರ ಜುಲೈನಲ್ಲಿ, ನೂರೈವತ್ತನೆಯ ವರ್ಷದ ಹಬ್ಬಕ್ಕೆ, ನಾನು ಆ ಮೈದಾನದಲ್ಲಿ ನಿಂತಿದ್ದೆ. ಬಹಳ ವರ್ಷ ಕೂಡಿಟ್ಟ ಹಣದಲ್ಲಿ ಮಾಡಿದ ಪ್ರಯಾಣ. ಹುಲ್ಲಿನ ಇಳಿಜಾರು, ಕೆಳಗೆ ಚಿಪ್ಪಿನಂತೆ ಬಾಗಿದ ಬೃಹತ್ ಕಮಾನು, ಅದರಾಚೆ ಸಮುದ್ರ. ಇಳಿಜಾರಿನ ಮೇಲೆ ಎರ್ನೆಸಾಕ್ಸ್ ಕುಳಿತಿರುವ ಕಂಚಿನ ಪ್ರತಿಮೆಯಿದೆ. ಮಕ್ಕಳು ಅದರ ತೊಡೆಯೇರಿ ಕುಳಿತಿದ್ದರು. ನನ್ನ ಪಕ್ಕದಲ್ಲಿ ಎಂಬತ್ತರ ಆಸುಪಾಸಿನ ಅಜ್ಜಿಯೊಬ್ಬರು ಮಡಿಸುವ ಕುರ್ಚಿಯಲ್ಲಿದ್ದರು. ದಿನವಿಡೀ ಹಾಡುಗಳಿಗೆ ಬೆರಳಲ್ಲಿ ತಾಳ ಹಾಕುತ್ತಿದ್ದವರು, 'ನನ್ನ ನಾಡೇ ನನ್ನೊಲವು' ಬಂದಾಗ ಕುರ್ಚಿಯ ಕೈ ಹಿಡಿದು ಎದ್ದರು. ದನಿ ನಡುಗುತ್ತಿತ್ತು, ಶ್ರುತಿ ಮಾತ್ರ ಕೂದಲೆಳೆಯಷ್ಟೂ ಜಾರಲಿಲ್ಲ. ಅವರು ಹಾಡುತ್ತಿದ್ದದ್ದು ಮೇಲಿನ ದನಿಯ ಭಾಗವಲ್ಲ, ಆಲ್ಟೊ, ನಡುವಿನ ಭಾಗ. ಎಲ್ಲರಿಗೂ ನೆನಪಿರುವುದು ಮೇಲಿನ ದನಿ. ನಡುವಿನ ಭಾಗ ಅಷ್ಟು ಖಚಿತವಾಗಿ ಬರಬೇಕಾದರೆ ಎಳೆಯ ವಯಸ್ಸಿನಲ್ಲಿ ಯಾವುದೋ ವೃಂದದಲ್ಲಿ ನಿಂತು ಅದನ್ನು ಕಲಿತಿರಲೇಬೇಕು. ಹಾಡು ಪಟ್ಟಿಯಲ್ಲೇ ಇಲ್ಲದ ಆ ವರ್ಷಗಳಲ್ಲಿ ಅವರಿಗದನ್ನು ಯಾರು, ಎಲ್ಲಿ, ಯಾವ ಬಾಗಿಲು ಮುಚ್ಚಿಕೊಂಡು ಕಲಿಸಿದರು ಎಂದು ಕೇಳಬೇಕೆನ್ನಿಸಿತು. ನಮ್ಮಿಬ್ಬರ ನಡುವೆ ಭಾಷೆಯಿರಲಿಲ್ಲ. ಹಾಡು ಮುಗಿದ ಮೇಲೆ ಅವರು ನನ್ನ ಮೊಣಕೈ ಹಿಡಿದುಕೊಂಡು ಮತ್ತೆ ಕುಳಿತರು.

ಪ್ರಶ್ನೆ: ರೇಡಿಯೋದಲ್ಲಿ ಹಾಡು ಬಂದದ್ದೇ ತಡ ಸೈನಿಕರು ದಂಗೆಯೆದ್ದರು ಎಂಬ ಕಥೆ ಯಾವ ದೇಶದ್ದು?

ಉತ್ತರ: ಪೋರ್ಚುಗಲ್. ಅದು ಕಥೆಯಲ್ಲ, ನಡೆದದ್ದು. 1974ರ ಏಪ್ರಿಲ್ 24ರ ರಾತ್ರಿ 10 ಗಂಟೆ 55 ನಿಮಿಷಕ್ಕೆ ಒಂದು ಪ್ರೇಮಗೀತೆ, ಆ ವರ್ಷ ಯೂರೋವಿಷನ್ ಸ್ಪರ್ಧೆಗೆ ಹೋಗಿದ್ದ ಹಾಡು, ಲಿಸ್ಬನ್ನಿನ ರೇಡಿಯೋದಲ್ಲಿ ಬಂತು: ಸಿದ್ಧರಾಗಿ ಎಂಬ ಸೂಚನೆ. ನಡುರಾತ್ರಿ ಕಳೆದು 20 ನಿಮಿಷಕ್ಕೆ ರೇಡಿಯೋ ರೆನಸೆನ್ಸಾದಲ್ಲಿ ಜೋಸೆ ಅಫೊನ್ಸೊ ಅವರ 'ಗ್ರಾಂಡೊಲಾ, ವಿಲಾ ಮೊರೇನಾ' ಬಂತು: ಹೊರಡಿ ಎಂಬ ಸೂಚನೆ. ನಲವತ್ತೆಂಟು ವರ್ಷಗಳ ಸರ್ವಾಧಿಕಾರ ಮರುದಿನ ಸಂಜೆಯೊಳಗೆ ಮುಗಿಯಿತು. ಅಂಗೋಲಾ, ಮೊಜಾಂಬಿಕ್, ಗಿನಿ-ಬಿಸ್ಸಾವ್‌ಗಳಲ್ಲಿ ನಡೆಯುತ್ತಿದ್ದ ವಸಾಹತು ಯುದ್ಧಗಳು ನಿಲ್ಲಲು ಅದೇ ದಾರಿಯಾಯಿತು. ಧ್ವನಿಮುದ್ರಿಕೆ ಸಿಕ್ಕರೆ ಮೊದಲ ಕೆಲವು ಕ್ಷಣಗಳನ್ನು ಗಮನವಿಟ್ಟು ಕೇಳಿ. ವಾದ್ಯವಿಲ್ಲ, ಜಲ್ಲಿಕಲ್ಲಿನ ಮೇಲೆ ಹೆಜ್ಜೆ ಹಾಕುವ ಸದ್ದು. 1971ರಲ್ಲಿ ಫ್ರಾನ್ಸಿನಲ್ಲಿ ಮುದ್ರಿಸುವಾಗ ಹಾಡುಗಾರರೇ ಅಂಗಳದ ಜಲ್ಲಿಯ ಮೇಲೆ ನಡೆದು ಮಾಡಿದ ಸದ್ದು ಅದು.

ಪ್ರಶ್ನೆ: ಹೋರಾಟದ ಹಾಡಿಗೂ ಶಾಂತಿಯ ಹಾಡಿಗೂ ವ್ಯತ್ಯಾಸ ಏನು? ಎರಡನ್ನೂ ಒಂದೇ ಸಂಗ್ರಹದಲ್ಲಿ ಹಾಕಿ ಮಾರುತ್ತಾರಲ್ಲ. (ಶಿಕ್ಷಕರೊಬ್ಬರು)

ಉತ್ತರ: ಬಹಳ ದಿನಗಳಿಂದ ಯಾರಾದರೂ ಇದನ್ನು ಕೇಳಲಿ ಎಂದು ಕಾದಿದ್ದೆ. ನನ್ನ ಒರೆಗಲ್ಲು ಒಂದೇ. ಎದುರು ಪಾಳೆಯದವನು ಆ ಹಾಡನ್ನು ಹಾಡಬಲ್ಲನೇ? ಹೋರಾಟದ ಹಾಡಿನಲ್ಲಿ ಅವನಿಗೆ ಜಾಗವಿಲ್ಲ, ಇರಬೇಕಾಗಿಯೂ ಇಲ್ಲ. ಶಾಂತಿಯ ಹಾಡಿನಲ್ಲಿ ಅವನಿಗೊಂದು ಸಾಲು ಇರಲೇಬೇಕು.

ದಕ್ಷಿಣ ಆಫ್ರಿಕಾವನ್ನೇ ತೆಗೆದುಕೊಳ್ಳಿ. ಕಾರ್ಮಿಕ ನಾಯಕ ವುಯಿಸಿಲೆ ಮಿನಿ ವರ್ಣಭೇದದ ಪ್ರಧಾನಿ ಫೆರ್ವೂರ್ಟ್‌ನ ಹೆಸರು ಹಿಡಿದೇ ಎಚ್ಚರಿಸುವ ಹಾಡು ಕಟ್ಟಿದರು. 1964ರ ನವೆಂಬರ್ 6ರಂದು ಪ್ರಿಟೋರಿಯಾದಲ್ಲಿ ಅವರನ್ನು ಗಲ್ಲಿಗೇರಿಸಿದರು. ಅದು ಹೋರಾಟದ ಹಾಡು. ಅದನ್ನು ಫೆರ್ವೂರ್ಟ್ ಹಾಡಲಾರ. 1987ರಲ್ಲಿ ಜಾನಿ ಕ್ಲೆಗ್ 'ಅಸಿಂಬೊನಾಂಗಾ' ಹಾಡಿದರು. ಜೂಲು ಭಾಷೆಯಲ್ಲಿ 'ನಾವು ಅವರನ್ನು ಕಂಡಿಲ್ಲ' ಎಂದರ್ಥ. ಮಂಡೇಲಾ ಅವರ ಚಿತ್ರ ಅಚ್ಚು ಹಾಕುವುದೇ ಅಪರಾಧವಾಗಿದ್ದ ಕಾಲ. ಒಂದು ತಲೆಮಾರಿಗೆ ತಮ್ಮ ನಾಯಕನ ಮುಖವೇ ಗೊತ್ತಿರಲಿಲ್ಲ. ಬಿಳಿಯ ಗಾಯಕನೊಬ್ಬ ಜೂಲು ನುಡಿಯಲ್ಲಿ, ಕಪ್ಪು ಜನರೊಂದಿಗೆ ನಿಂತು ಅದನ್ನು ಹಾಡಿದಾಗ ಏನೋ ಕರಗಲು ಶುರುವಾಗಿತ್ತು. 1999ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಕ್ಲೆಗ್ ಅದನ್ನು ಹಾಡುತ್ತಿರುವಾಗ ಹಿಂದಿನಿಂದ ಮಂಡೇಲಾ ಅವರೇ ಕುಣಿಯುತ್ತ ವೇದಿಕೆಗೆ ಬಂದರು. ಆ ದೃಶ್ಯವನ್ನು ನಾನು ಎಷ್ಟು ಬಾರಿ ನೋಡಿದ್ದೇನೋ ಲೆಕ್ಕವಿಲ್ಲ.

ಆದರೆ ನನ್ನ ಒರೆಗಲ್ಲಿಗೆ ಪೂರ್ತಿ ನಿಲ್ಲುವುದು ಆ ದೇಶದ ರಾಷ್ಟ್ರಗೀತೆ. 'ಎನ್‌ಕೋಸಿ ಸಿಕೆಲೆಲ್ ಇಆಫ್ರಿಕಾ' 1897ರಲ್ಲಿ ಇನೋಕ್ ಸೊಂಟೊಂಗಾ ಎಂಬ ಮಿಷನ್ ಶಾಲೆಯ ಮೇಷ್ಟರು ಕಟ್ಟಿದ ಪ್ರಾರ್ಥನೆ. ದೇವರೇ, ಆಫ್ರಿಕಾವನ್ನು ಹರಸು ಎಂದು ಕೇಳುವುದು, ಅಷ್ಟೇ. 1912ರ ಜನವರಿ 8ರಂದು ಬ್ಲೂಮ್‌ಫಾಂಟೇನ್‌ನಲ್ಲಿ, ಮುಂದೆ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಎನಿಸಿಕೊಂಡ ಪಕ್ಷದ ಮೊದಲ ಸಭೆ ಈ ಹಾಡಿನೊಂದಿಗೆ ಮುಗಿಯಿತು. ಸೊಂಟೊಂಗಾ ಅದಕ್ಕೂ ಏಳು ವರ್ಷ ಮೊದಲೇ ತೀರಿಕೊಂಡಿದ್ದರು. ಅವರ ಸಮಾಧಿ ಎಲ್ಲಿದೆ ಎನ್ನುವುದೇ ಬಹುಕಾಲ ಮರೆತುಹೋಗಿತ್ತು. ಜೋಹಾನ್ಸ್‌ಬರ್ಗ್‌ನ ಬ್ರಾಮ್‌ಫಾಂಟೇನ್ ಸ್ಮಶಾನದಲ್ಲಿ ಪತ್ತೆಯಾದ ಆ ಜಾಗವನ್ನು 1996ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು.

ಬಿಳಿಯರ ಆಳ್ವಿಕೆಯ ರಾಷ್ಟ್ರಗೀತೆ 'ಡಿ ಸ್ಟೆಮ್'. 1918ರಲ್ಲಿ ಲಾಂಗನ್‌ಹೋವನ್ ಆಫ್ರಿಕಾನ್ಸ್ ಭಾಷೆಯಲ್ಲಿ ಬರೆದ ಕವಿತೆ. ಕಪ್ಪು ಜನರ ಕಿವಿಗೆ ಅದು ಪೊಲೀಸರ ಬೂಟಿನ ಸದ್ದು. 1994ರಲ್ಲಿ ಎಲ್ಲರೂ ಮತ ಹಾಕಿದ ಮೊದಲ ಚುನಾವಣೆ ಮುಗಿದಾಗ ಗೆದ್ದವರು ಅದನ್ನು ಕಸದ ಬುಟ್ಟಿಗೆ ಹಾಕಬಹುದಿತ್ತು. ಹಾಕಲಿಲ್ಲ. ಎರಡನ್ನೂ ರಾಷ್ಟ್ರಗೀತೆಯಾಗಿ ಇಟ್ಟುಕೊಂಡರು. ಎರಡನ್ನೂ ಒಂದಾದ ಮೇಲೊಂದು ಹಾಡಲು ಐದು ನಿಮಿಷ ಬೇಕಾಗುತ್ತಿತ್ತು. 1997ರಲ್ಲಿ ಎರಡನ್ನೂ ಹೊಸೆದು ಒಂದು ಮಾಡಿದರು: ಕೋಸಾ, ಜೂಲು, ಸೆಸೊಥೊ, ಆಫ್ರಿಕಾನ್ಸ್, ಇಂಗ್ಲಿಷ್, ಐದು ಭಾಷೆ, ಎರಡು ನಿಮಿಷದೊಳಗಿನ ಹಾಡು.

ಇಲ್ಲಿ ಒಂದು ಸೂಕ್ಷ್ಮವಿದೆ. 'ಡಿ ಸ್ಟೆಮ್'ನಿಂದ ಯಾವ ಸಾಲುಗಳನ್ನು ಉಳಿಸಿಕೊಂಡರು ನೋಡಿ. ಆಕಾಶದ ನೀಲಿ, ಕಡಲಿನ ಆಳ, ಮಾರ್ದನಿಗೊಡುವ ಬೆಟ್ಟದ ಬಂಡೆಗಳು: ಈ ನಾಲ್ಕು ಸಾಲು. ಅದರ ಮುಂದಿನ ಸಾಲಿನಲ್ಲಿ ಎತ್ತಿನ ಬಂಡಿಗಳ ಕಿರುಗುಟ್ಟುವಿಕೆ ಬರುತ್ತದೆ. ಆ ಬಂಡಿಗಳು ಬಿಳಿಯ ವಲಸಿಗರು ಒಳನಾಡಿಗೆ ನುಗ್ಗಿ ನೆಲ ವಶಪಡಿಸಿಕೊಂಡ ಯಾತ್ರೆಯವು. ಅಲ್ಲಿಗೆ ಕತ್ತರಿ ಹಾಕಿದರು. ಬಂಡಿ ಒಂದು ಜನಾಂಗದ್ದು. ಬೆಟ್ಟ, ಕಡಲು, ಆಕಾಶ ಎಲ್ಲರವು. ಸಂಧಾನದ ಮೇಜಿನಲ್ಲಿ ವರ್ಷಗಟ್ಟಲೆ ನಡೆದ ಕೆಲಸವನ್ನು ಯಾರೋ ಪೆನ್ಸಿಲ್ ಹಿಡಿದು ನಾಲ್ಕು ಸಾಲಿನಲ್ಲಿ ಮಾಡಿ ಮುಗಿಸಿದ್ದಾರೆ. ಕೊನೆಯ ಇಂಗ್ಲಿಷ್ ಸಾಲುಗಳನ್ನು ಹೊಸದಾಗಿ ಬರೆದರು.

ಎಲ್ಲರಿಗೂ ಇದು ಸಮ್ಮತವಾಗಿದೆ ಎಂದು ನಾನು ಹೇಳುತ್ತಿಲ್ಲ. ಆಫ್ರಿಕಾನ್ಸ್ ಸಾಲುಗಳು ಬಂದಾಗ ಬಾಯಿ ಮುಚ್ಚಿ ನಿಲ್ಲುವವರು ಈಗಲೂ ಇದ್ದಾರೆ, ಆ ಭಾಗವನ್ನು ತೆಗೆದುಹಾಕಿ ಎಂದು ಒತ್ತಾಯಿಸುವ ಪಕ್ಷವೂ ಇದೆ. ಅವರ ನೋವು ಅರ್ಥವಾಗುತ್ತದೆ. ಆದರೂ ತೆಗೆಯಬಾರದು ಎಂದೇ ನನ್ನ ಅಭಿಪ್ರಾಯ.

ಪ್ರಶ್ನೆ: ಉತ್ತರ ಐರ್ಲೆಂಡಿನ ಶಾಂತಿ ಒಪ್ಪಂದಕ್ಕೂ ಹೀಗೊಂದು ಹಾಡು ಇದೆಯೇ?

ಉತ್ತರ: ಹಾಡಿಗಿಂತ ಹೆಚ್ಚಾಗಿ ಒಂದು ಸಂಜೆಯಿದೆ. ಒಪ್ಪಂದ ಆದದ್ದು 1998ರ ಏಪ್ರಿಲ್ 10ರಂದು, ಜನಮತಗಣನೆ ಮೇ 22ರಂದು. ಅದಕ್ಕೆ ಮೂರು ದಿನ ಮೊದಲು ಬೆಲ್‌ಫಾಸ್ಟ್‌ನ ವಾಟರ್‌ಫ್ರಂಟ್ ಸಭಾಂಗಣದಲ್ಲಿ, ಬಹುಪಾಲು ಶಾಲಾ ಮಕ್ಕಳೇ ತುಂಬಿದ್ದ ಸಭೆಯಲ್ಲಿ, ಯು-ಟು ಮತ್ತು ಆ್ಯಶ್ ತಂಡಗಳು ಹಾಡಿದವು. ಯು-ಟು ಡಬ್ಲಿನ್‌ನದು, ಆ್ಯಶ್ ಉತ್ತರದ್ದು. ನಡುವೆ ಯೂನಿಯನಿಸ್ಟ್, ಅಂದರೆ ಬ್ರಿಟನ್ನಿನ ಜೊತೆಗೇ ಇರಬೇಕೆನ್ನುವ ಪಾಳೆಯದ, ನಾಯಕ ಡೇವಿಡ್ ಟ್ರಿಂಬಲ್ ಮತ್ತು ನ್ಯಾಷನಲಿಸ್ಟ್, ಅಂದರೆ ಐರ್ಲೆಂಡ್ ಒಂದಾಗಬೇಕೆನ್ನುವ ಪಾಳೆಯದ, ನಾಯಕ ಜಾನ್ ಹ್ಯೂಮ್ ವೇದಿಕೆಯ ಎರಡು ಬದಿಗಳಿಂದ ಬಂದು ಕೈ ಕುಲುಕಿದರು. ಗಾಯಕ ಬೋನೊ ಇಬ್ಬರ ಕೈಗಳನ್ನೂ ಹಿಡಿದು ಮೇಲೆತ್ತಿದರು. ಸತ್ತವರಿಗಾಗಿ ಒಂದು ನಿಮಿಷ ಮೌನವಿತ್ತು. ಜನಮತಗಣನೆಯಲ್ಲಿ ಉತ್ತರ ಐರ್ಲೆಂಡಿನ ಶೇಕಡ 71ರಷ್ಟು ಮತಗಳು ಒಪ್ಪಂದದ ಪರವಾಗಿ ಬಿದ್ದವು. ಆ ವರ್ಷದ ನೊಬೆಲ್ ಶಾಂತಿ ಪ್ರಶಸ್ತಿ ಇಬ್ಬರಿಗೂ ಹಂಚಿಕೆಯಾಯಿತು.

ರಗ್ಬಿ ಆಟಕ್ಕೆ ಇಡೀ ಐರ್ಲೆಂಡಿನದು ಒಂದೇ ತಂಡ. ಎರಡೂ ಕಡೆಯ ಆಟಗಾರರು ಮುಜುಗರವಿಲ್ಲದೆ ಹಾಡಲೆಂದು 1995ರಲ್ಲಿ ಡೆರಿ ಪಟ್ಟಣದ ಫಿಲ್ ಕೋಲ್ಟರ್ ಅವರಿಂದ 'ಐರ್ಲೆಂಡ್ಸ್ ಕಾಲ್' ಬರೆಸಿದರು. ಹಾಡಾಗಿ ಅದು ಸಾಧಾರಣ, ಧಾಟಿಯಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ. ಆದರೂ ಅದು ಮಾಡುತ್ತಿರುವ ಕೆಲಸ ದೊಡ್ಡದು.

ಪ್ರಶ್ನೆ: ಶಾಂತಿಯ ಹಾಡು ಹಾಡಿದ ಮೇಲೂ ಶಾಂತಿ ಬಾರದಿದ್ದರೆ? ಇಸ್ರೇಲಿನ ರಾಬಿನ್ ಅವರ ವಿಷಯ ನೆನೆದರೆ ಇಂಥ ಹಾಡುಗಳನ್ನು ಕೇಳಲೇ ಮನಸ್ಸಾಗುವುದಿಲ್ಲ.

ಉತ್ತರ: ನಿಮ್ಮ ಪತ್ರವನ್ನು ಎರಡು ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೆ.

'ಶಿರ್ ಲಶಾಲೋಮ್', ಶಾಂತಿಗೊಂದು ಹಾಡು, 1969ರದು. ಆಶ್ಚರ್ಯವೆಂದರೆ ಅದನ್ನು ಮೊದಲು ಹಾಡಿದ್ದು ಸೇನೆಯದೇ ಒಂದು ಗಾಯನ ತಂಡ. ಅದರಲ್ಲಿ ಮಾತನಾಡುವವರು ಯುದ್ಧದಲ್ಲಿ ಸತ್ತವರು. ಪ್ರಾರ್ಥನೆಯಿಂದ ನಾವು ಮರಳುವುದಿಲ್ಲ, ನೀವು ಶಾಂತಿ ತನ್ನಿ ಎಂದು ಬದುಕಿರುವವರಿಗೆ ಹೇಳುತ್ತಾರೆ. ಕೆಲವು ಸೇನಾಧಿಕಾರಿಗಳಿಗೆ ಅದು ಸಹಿಸಲಾಗಲಿಲ್ಲ. 1993ರ ಸೆಪ್ಟೆಂಬರ್ 13ರಂದು ಇಸ್ರೇಲಿನ ಪ್ರಧಾನಿ ರಾಬಿನ್ ಮತ್ತು ಪ್ಯಾಲೆಸ್ಟೀನಿಯನ್ನರ ನಾಯಕ ಅರಾಫತ್ ಕೈ ಕುಲುಕಿದರು. 1995ರ ನವೆಂಬರ್ 4ರ ರಾತ್ರಿ ಟೆಲ್ ಅವೀವ್‌ನ ಚೌಕದಲ್ಲಿ ಶಾಂತಿಗಾಗಿ ನಡೆದ ಬೃಹತ್ ಸಭೆಯ ಕೊನೆಯಲ್ಲಿ ರಾಬಿನ್ ಈ ಹಾಡಿಗೆ ದನಿಗೂಡಿಸಿದರು. ಯುದ್ಧಗಳನ್ನು ನಡೆಸಿದ್ದ ಸೇನಾನಿ ಅವರು. ಹಾಡುವುದು ಅವರಿಗೆ ಅಭ್ಯಾಸವಿರಲಿಲ್ಲ. ಸಾಹಿತ್ಯ ಬರೆದ ಹಾಳೆಯನ್ನು ಕಣ್ಣ ಮುಂದೆ ಹಿಡಿದುಕೊಂಡು, ತಡೆದು ತಡೆದು ಹಾಡಿದರು. ಮಡಿಸಿ ಕೋಟಿನ ಒಳಜೇಬಿಗೆ ಹಾಕಿಕೊಂಡರು. ಮೆಟ್ಟಿಲಿಳಿದು ಕಾರಿನತ್ತ ಬರುವಾಗ ಅವರದೇ ದೇಶದ, ಅವರದೇ ಧರ್ಮದ ಯುವಕನೊಬ್ಬ ಗುಂಡು ಹಾರಿಸಿದ. ಅಂತ್ಯಕ್ರಿಯೆಯಲ್ಲಿ ಅವರ ಆಪ್ತ ಸಹಾಯಕ ರಕ್ತ ಮೆತ್ತಿದ ಆ ಹಾಳೆಯನ್ನು ಹಿಡಿದು ಸಾಲುಗಳನ್ನು ಓದಿದರು.

ಹಾಡು ಸೋತಿತು ಎಂದು ನೀವು ಹೇಳಿದರೆ ನಾನು ವಾದಿಸಲಾರೆ. ಅಲ್ಲಿಂದೀಚೆಗೆ ಆ ನೆಲದಲ್ಲಿ ಎರಡೂ ಕಡೆ ಎಷ್ಟು ಮಕ್ಕಳನ್ನು ಮಣ್ಣು ಮಾಡಿದ್ದಾರೆ ಎಂದು ನೆನೆದರೆ ನನಗೂ ಗಂಟಲು ಕಟ್ಟುತ್ತದೆ. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿಯಿಟ್ಟಾಗ ಸ್ಕಾರ್ಪಿಯನ್ಸ್ ತಂಡದವರಿಗೂ ಇದೇ ಇಕ್ಕಟ್ಟು ಬಂತು. ಮಾಸ್ಕೋವನ್ನು ಪ್ರೀತಿಯಿಂದ ನೆನೆಯುವ ಆ ಮೊದಲ ಸಾಲುಗಳನ್ನು ಹೇಗೆ ಹಾಡುವುದು? ಅವರು ಸಾಲುಗಳನ್ನು ಬದಲಿಸಿ ಉಕ್ರೇನಿನ ಹೆಸರು ಹಾಕಿಕೊಂಡು ಹಾಡಿದರು. ಹಾಡನ್ನು ಬಿಟ್ಟುಬಿಡಲಿಲ್ಲ.

ನನಗೆ ರಾಬಿನ್ ಅವರ ಸಂಜೆಯಲ್ಲಿ ಉಳಿದುಕೊಂಡಿರುವುದು ಆ ಹಾಳೆ. ಎಪ್ಪತ್ತಮೂರು ವರ್ಷದ, ಪ್ರಧಾನಿಯಾದ ಮನುಷ್ಯ ಶಾಲಾ ಹುಡುಗನಂತೆ ಹಾಳೆ ನೋಡಿಕೊಂಡು, ತನಗೆ ಬಾರದ ಹಾಡನ್ನು ಕಲಿಯಲು ಒಪ್ಪಿದ. ಕೇಳುವುದು ಕಷ್ಟವಾದರೆ ಸದ್ಯಕ್ಕೆ ಕೇಳಬೇಡಿ. ಆ ಹಾಡು ಎಲ್ಲಿಗೂ ಹೋಗುವುದಿಲ್ಲ.

ಪ್ರಶ್ನೆ: ನಾನು ಶಾಲೆಯೊಂದರಲ್ಲಿ ಸಂಗೀತ ಶಿಕ್ಷಕಿ. ಈ ಬಗೆಯ ಒಂದೇ ಒಂದು ಹಾಡನ್ನು ವೃಂದಕ್ಕೆ ಕಲಿಸುವುದಾದರೆ ಯಾವುದನ್ನು ಕಲಿಸಲಿ, ಮೇಡಂ?

ಉತ್ತರ: ದಕ್ಷಿಣ ಆಫ್ರಿಕಾದ ರಾಷ್ಟ್ರಗೀತೆ. ಹನ್ನೆರಡು ವರ್ಷ ಮೇಲ್ಪಟ್ಟ ಮಕ್ಕಳಾದರೆ ಆರು ವಾರ ಸಾಕು. ನಾನು ಮಾಡಿದ ತಪ್ಪುಗಳನ್ನು ನೀವು ಮಾಡದಿರಲೆಂದು ಎರಡು ಮಾತು ಹೇಳುತ್ತೇನೆ.

ಮೊದಲು ಧಾಟಿ ಕಲಿಸಬೇಡಿ, ಪದ ಕಲಿಸಿ. ಕೋಸಾ ಭಾಷೆಯ ಎರಡನೆಯ ಸಾಲಿನಲ್ಲಿ ಉದ್ದನೆಯ ಪದವೊಂದಿದೆ. ಮಕ್ಕಳು ಅದನ್ನು ನುಂಗಿ ಮುಂದಕ್ಕೆ ಓಡುತ್ತಾರೆ. ಕನ್ನಡ ಲಿಪಿಯಲ್ಲಿ ಬಿಡಿಸಿ ಬರೆದುಕೊಡಿ, ತಾಳ ಹಾಕಿಕೊಂಡು ಬರೀ ಮಾತಾಗಿ ಹೇಳಿಸಿ. ಇನ್ನೊಬ್ಬರ ತಾಯ್ನುಡಿಯನ್ನು ಸರಿಯಾಗಿ ಉಚ್ಚರಿಸುವುದೇ ಈ ಹಾಡಿನ ಅರ್ಧ ಪಾಠ. 1995ರ ರಗ್ಬಿ ವಿಶ್ವಕಪ್‌ಗೆ ಮೊದಲು ಆ ದೇಶದ ತಂಡದ ಬಿಳಿಯ ಆಟಗಾರರೂ ಹೀಗೆಯೇ ಕುಳಿತು ಕೋಸಾ ಪದಗಳನ್ನು ಬಾಯಿಪಾಠ ಮಾಡಿದ್ದರು.

ಎರಡನೆಯದು ಶ್ರುತಿ. ಹಾಡು ಶುರುವಾಗುವುದು ಬಿಳಿ ಐದರಲ್ಲಿ. ಆಫ್ರಿಕಾನ್ಸ್ ಭಾಗಕ್ಕೆ ಬಂದಾಗ ಬಿಳಿ ಎರಡಕ್ಕೆ ಹೊರಳುತ್ತದೆ, ಅಲ್ಲೇ ಮುಗಿಯುತ್ತದೆ. ಆರಂಭದ ಶ್ರುತಿಗೆ ಹಿಂದಿರುಗುವುದಿಲ್ಲ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಅಲ್ಲಿಯವರೆಗೆ ಪಂಚಮವಾಗಿದ್ದ ಸ್ವರವೇ ಷಡ್ಜವಾಗುತ್ತದೆ, ಗ್ರಹಭೇದದಲ್ಲಿ ಆಗುವ ಹಾಗೆ. ನನ್ನ ವೃಂದದ ನಲವತ್ತು ಮಕ್ಕಳೂ ಮೊದಲ ಸಲ ಆ ಜಾಗದಲ್ಲಿ ದಾರಿ ತಪ್ಪಿದರು. ಅರ್ಧ ಮಕ್ಕಳು ಹಳೆಯ ಷಡ್ಜವನ್ನೇ ಹಿಡಿದುಕೊಂಡು ಹಟ ಮಾಡಿದರು, ಉಳಿದವರು ಹೊಸದಕ್ಕೆ ಹಾರಿದರು, ಕೋಣೆಯೆಲ್ಲ ಗದ್ದಲವಾಯಿತು. ನಾನು ತಾಳ್ಮೆ ತಪ್ಪಿ ನಿಲ್ಲಿಸಿ ಗದರಿದೆ. ಹಾಗೆ ಮಾಡಬಾರದಿತ್ತು. ಹಿಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು, "ಮಿಸ್, ಎರಡಕ್ಕೂ ಸೇರುವ ಸ್ವರ ಒಂದಿದೆಯಲ್ಲ, ಅದನ್ನೇ ಸ್ವಲ್ಪ ಹೊತ್ತು ಹಿಡಿದುಕೊಂಡರೆ ಆಗುವುದಿಲ್ಲವೇ?" ಎಂದಳು. ಮರುದಿನದಿಂದ ಹಾಗೇ ಮಾಡಿದೆವು.

ನೀವೂ ಹಾಗೇ ಮಾಡಿ. ಆ ತಿರುವಿಗೆ ಬಂದಾಗ ಸಾಹಿತ್ಯ ನಿಲ್ಲಿಸಿ, ಹಾರ್ಮೋನಿಯಂ ಮೇಲೆ ಬಿಳಿ ಎರಡನ್ನು ಒತ್ತಿ ಹಿಡಿಯಿರಿ. ಮಕ್ಕಳು ಬಾಯಿ ಮುಚ್ಚಿ ಅದೇ ಸ್ವರವನ್ನು ಗುನುಗಲಿ, ಮೊದಲು ಪಂಚಮವೆಂದುಕೊಂಡು, ಆಮೇಲೆ ಷಡ್ಜವೆಂದುಕೊಂಡು. ಕೊನೆಯ ಮಗುವಿನ ದನಿಯೂ ಬಂದು ಸೇರುವವರೆಗೆ ಮುಂದಿನ ಸಾಲಿಗೆ ಹೋಗಬೇಡಿ.